ಹಿಟ್ಟಿನ ಕೋಳಿಯೂ ಪರದೆಯ ಮೇಲಿನ ವಧೆಯೂ

ಜನ್ನಕವಿಯು ೧೨೦೯ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ಬಲ್ಲ ಶ್ರಾವಕ ಕುಟುಂಬಗಳಿಗೆ ಹಿಟ್ಟಿನ ಕೋಳಿಯ ಪ್ರಸಂಗವನ್ನು ವಿವರಿಸಬೇಕಾಗಿಲ್ಲ. ಜೀವವಧೆಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯೊಂದನ್ನು ಬಲಿಗೊಟ್ಟನು. ಕಡಿದುದು ಹಿಟ್ಟನ್ನು, ಆದರೂ ತಾಯಿ ಮಕ್ಕಳಿಬ್ಬರೂ ತಿರ್ಯಗ್ಗತಿಯ ಹಲವು ಭವಗಳಲ್ಲಿ ತೊಳಲಬೇಕಾಯಿತು. ದ್ರವ್ಯಹಿಂಸೆ ನಡೆಯದಿದ್ದರೂ ಸಂಕಲ್ಪಹಿಂಸೆಗೆ ಫಲವುಂಟೆಂಬುದು ಆ ಕಾವ್ಯದ ತಿರುಳು.

ವೀಡಿಯೊ ಆಟಗಳ ವಿಮರ್ಶೆಯಲ್ಲಿ ಈ ಪ್ರಸಂಗವನ್ನು ನೆನೆಯುವುದು ಅಸಂಗತವೆಂದು ಕೆಲವರಿಗೆ ತೋರಬಹುದು. ಆದರೆ ಆಟಗಳ ಪರವಾಗಿ ಪದೇ ಪದೇ ಕೇಳಿಬರುವ ಸಮರ್ಥನೆ ಚಂದ್ರಮತಿಯ ವಾದವೇ ಆಗಿದೆ: ಪರದೆಯ ಮೇಲೆ ಸಾಯುವುದು ಯಾವ ಜೀವವೂ ಅಲ್ಲ, ಬಣ್ಣದ ಚುಕ್ಕೆಗಳು ಮಾತ್ರ. ಹಿಂಸಾತ್ಮಕ ಆಟಗಳನ್ನು ಅಪ್ರಾಪ್ತರಿಗೆ ಮಾರಬಾರದೆಂದಿದ್ದ ಕ್ಯಾಲಿಫೋರ್ನಿಯಾದ ಕಾಯಿದೆಯನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೨೦೧೧ರಲ್ಲಿ ರದ್ದುಗೊಳಿಸಿ, ಗ್ರಂಥ, ನಾಟಕ, ಚಲನಚಿತ್ರಗಳಿಗಿರುವ ರಕ್ಷಣೆಯನ್ನೇ ಆಟಗಳಿಗೂ ಇತ್ತಿತು. ಕಾನೂನಿಗೆ ಅಷ್ಟು ಸಾಕು, ಶ್ರಾವಕಾಚಾರಕ್ಕೆ ಸಾಲದು. ಚಲನಚಿತ್ರದ ವಧೆಯನ್ನು ಕಂಡು ಮೆಚ್ಚಿದವನಿಗೆ ಅನುಮೋದನೆಯ ದೋಷ. ಆಟದಲ್ಲಾದರೋ ಗುಂಡಿಯನ್ನೊತ್ತುವ ಬೆರಳು ಆಟಗಾರನದೇ. ಕೃತ, ಕಾರಿತ, ಅನುಮತವೆಂಬ ಮೂರರಲ್ಲಿ ಅದು ಕೃತದ ಸಮೀಪಕ್ಕೆ ಬಂದು ನಿಲ್ಲುತ್ತದೆ. ಆದುದರಿಂದ ಆಟವೊಂದು ಎಷ್ಟು ರಕ್ತವನ್ನು ತೋರಿಸಿತೆಂದು ಎಣಿಸುವುದಕ್ಕಿಂತ, ಕೊಲ್ಲುವುದರಲ್ಲಿ ಆನಂದವನ್ನು, ಅಂದರೆ ರೌದ್ರಧ್ಯಾನದ ಒಂದು ಬಗೆಯಾದ ಹಿಂಸಾನಂದವನ್ನು, ಅದು ಬೆಳೆಸುತ್ತದೆಯೇ ಎಂದು ಕೇಳಬೇಕು. ಪ್ರಸಿದ್ಧವಾದ ಎರಡು ಆಟಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು.

ಮೊದಲನೆಯದು ‘ಅಂಡರ್‌ಟೇಲ್’. ಅಮೆರಿಕದ ಟೋಬಿ ಫಾಕ್ಸ್ ಎಂಬ ತರುಣನು ಬಹುಮಟ್ಟಿಗೆ ಒಬ್ಬನೇ ದುಡಿದು ೨೦೧೫ರಲ್ಲಿ ಹೊರತಂದ ಆಟವಿದು. ದೊಡ್ಡ ಸಂಸ್ಥೆಗಳ ಹಂಗಿಲ್ಲದೆ ಹುಟ್ಟುವ ಇಂಥವನ್ನು ‘ಇಂಡೀ’ ಆಟಗಳೆನ್ನುತ್ತಾರೆ. ಪಾತಾಳಕ್ಕೆ ಬಿದ್ದ ಮಗುವೊಂದು, ಹಿಂದೊಮ್ಮೆ ಮನುಷ್ಯರು ಯುದ್ಧದಲ್ಲಿ ಸೋಲಿಸಿ ಅಲ್ಲಿ ಬಂಧಿಸಿಟ್ಟ ವಿಚಿತ್ರಜೀವಿಗಳ ನಡುವೆ ಹಾದು ಹೊರಬರಬೇಕು. ಎದುರಾದವರನ್ನು ಹೊಡೆಯಬಹುದು, ಮಾತನಾಡಿಸಬಹುದು, ಕ್ಷಮಿಸಿ ಬಿಡಬಹುದು. ಒಂದು ಜೀವವನ್ನೂ ಕೊಲ್ಲದೆ ಆಟವನ್ನು ಮುಗಿಸಲು ಸಾಧ್ಯ.

ವಿಮರ್ಶಕರ ಹೊಗಳಿಕೆ ಹೆಚ್ಚಾಗಿ ಈ ದಯೆಯ ದಾರಿಯ ಮೇಲೆ ನಿಂತಿದೆ. ಅದಕ್ಕಿಂತ ಮಿಗಿಲಾದುದು ಈ ಆಟದ ಲೆಕ್ಕದ ಪುಸ್ತಕ. ಆರಂಭದಲ್ಲಿಯೇ ಟೋರಿಯೆಲ್ ಎಂಬ ಮಾತೃಹೃದಯದ ಜೀವಿ ಮಗುವನ್ನು ಮನೆಗೆ ಕರೆದೊಯ್ದು ತಿಂಡಿಯಿಟ್ಟು ಸಾಕುತ್ತಾಳೆ; ಹೊರಗೆ ಹೋದರೆ ಸಾಯುವೆಯೆಂದು ಬಾಗಿಲಿಗೆ ಅಡ್ಡ ನಿಂತು ಹೋರಾಡುತ್ತಾಳೆ. ಮಗು ನಿತ್ರಾಣವಾದಾಗ ಅವಳ ಪ್ರಹಾರಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ. ಸ್ವಲ್ಪ ಬಳಲಿಸಿದರೆ ದಾರಿ ಬಿಟ್ಟಾಳೆಂದು ಹೊಡೆಯುತ್ತ ಹೋದ ಆಟಗಾರರು, ಕೊನೆಯ ಏಟು ಎಣಿಸಿದುದಕ್ಕಿಂತ ಬಲವಾಗಿ ಬಿದ್ದು ಅವಳನ್ನು ಕೊಂದುಬಿಟ್ಟ ಉದಾಹರಣೆಗಳು ಹಲವು. ಅವರು ಗಾಬರಿಗೊಂಡು ಹಿಂದೆ ಉಳಿಸಿಟ್ಟ ಸ್ಥಳದಿಂದ ಆಟವನ್ನು ಮತ್ತೆ ಆರಂಭಿಸಿ, ಈ ಬಾರಿ ಅವಳನ್ನು ಬದುಕಿಸುತ್ತಾರೆ. ಬೇರೆ ಆಟಗಳಲ್ಲಿ ವಿಷಯ ಅಲ್ಲಿಗೆ ಮುಗಿಯಿತು. ಇಲ್ಲಿ ಫ್ಲೋವಿ ಎಂಬ ಹೂವು ಎದುರು ಬಂದು, ನೀನು ಮೊದಲು ಅವಳನ್ನು ಕೊಂದೆಯೆಂಬುದು ತನಗೆ ಗೊತ್ತೆಂದು ಹೇಳುತ್ತದೆ. ಕಿರ್ದಿಯ ಹಾಳೆಯನ್ನು ಹರಿದರೂ ಖಾತೆ ಉಳಿದೇ ಇತ್ತು!

ಇನ್ನೂ ಮುಂದಕ್ಕೆ ಹೋದರೆ, ಎಲ್ಲ ಆಟಗಳಲ್ಲಿಯೂ ‘ಅನುಭವ’ವೆಂದು ಜಮೆಯಾಗುವ ಅಂಕಗಳು ಇಲ್ಲಿ ವಧೆಯ ಅಂಕಗಳೆಂದೂ, ‘ಲವ್’ ಎಂದು ಏರುತ್ತ ಬಂದುದು ಹಿಂಸೆಯ ಮಟ್ಟವೆಂದೂ ಸ್ಯಾನ್ಸ್ ಎಂಬ ಪಾತ್ರವು ಕೊನೆಯಲ್ಲಿ ಬಯಲು ಮಾಡುತ್ತದೆ. ಹುಡುಕಿ ಹುಡುಕಿ ಸರ್ವರನ್ನೂ ಕೊಂದವನು ಲೋಕವನ್ನು ಮರಳಿ ಪಡೆಯಲು ತನ್ನ ಆತ್ಮವನ್ನೇ ಒಪ್ಪಿಸಬೇಕು. ಆಮೇಲೆ ಎಷ್ಟು ಸಾಧುವಾಗಿ ಆಡಿದರೂ ಶುಭಾಂತ್ಯದಲ್ಲಿ ಕಲೆಯೊಂದು ಉಳಿಯುತ್ತದೆ. ಫಲವನ್ನಿತ್ತಲ್ಲದೆ ತೊಲಗದ ನಿಕಾಚಿತ ಕರ್ಮವನ್ನು ಪಾಠಶಾಲೆಯ ಮಕ್ಕಳಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸುಲಭವಾಗಿ ಸಿಗದು. (ಗಣಕದೊಳಗಿನ ಕಡತಗಳನ್ನು ಅಳಿಸಿ ಈ ಕಲೆಯನ್ನೂ ತೊಡೆಯಬಹುದೆಂದು ಜಾಣರು ಕಂಡುಕೊಂಡಿದ್ದಾರೆ. ಕಳ್ಳಲೆಕ್ಕ ಬರೆಯುವವರಿಲ್ಲದ ವ್ಯಾಪಾರ ಯಾವುದಿದೆ?)

ಇಷ್ಟಾದರೂ ‘ಅಂಡರ್‌ಟೇಲ್’ ನಿರ್ದೋಷವಲ್ಲ. ಸ್ಯಾನ್ಸ್‌ನೊಡನೆ ನಡೆಯುವ ಅತ್ಯಂತ ಕಠಿಣ ಕಾಳಗವೂ ಅದಕ್ಕೆ ನುಡಿಸುವ, ಲೋಕಪ್ರಸಿದ್ಧವಾದ ‘ಮೆಗಲೋವೇನಿಯಾ’ ಸಂಗೀತವೂ ಸರ್ವಸಂಹಾರದ ದಾರಿಯಲ್ಲಿ ಮಾತ್ರ ದೊರೆಯುತ್ತವೆ. ಬೇಡವೆಂದು ಗದರಿಸುವ ಕೈಯೇ ಒಳಗೆ ಸಿಹಿಯನ್ನಿಟ್ಟು ಕರೆದಂತಾಯಿತು. ಹಾಗೆಯೇ ಎಲ್ಲರನ್ನೂ ಕ್ಷಮಿಸಿದವನಿಗೆ ‘ನಿಜವಾದ ಮುಕ್ತಾಯ’ವು ಬಹುಮಾನವಾಗಿ ದೊರೆಯುವುದರಿಂದ, ದಯೆಯು ನಿದಾನಶಲ್ಯಕ್ಕೆ ತುತ್ತಾಗುವ ಅಪಾಯವೂ ಇದೆ.

ಎರಡನೆಯದು ‘ದಿ ಲಾಸ್ಟ್ ಆಫ್ ಅಸ್’ ಆಟದ ಎರಡನೆಯ ಭಾಗ. ನಾಟಿ ಡಾಗ್ ಸಂಸ್ಥೆಯು ಪ್ಲೇಸ್ಟೇಷನ್ ೪ ಯಂತ್ರಕ್ಕಾಗಿ ೨೦೨೦ರಲ್ಲಿ ಹೊರತಂದ ಇದು ಮೂರು ದಿನಗಳಲ್ಲಿ ೪೦ ಲಕ್ಷಕ್ಕೂ ಹೆಚ್ಚು ಪ್ರತಿಗಳಷ್ಟು ಮಾರಾಟವಾಯಿತು. ತಂದೆಯಂತೆ ಸಾಕಿದ ಜೋಯೆಲ್‌ನನ್ನು ಕೊಂದ ಆಬಿಯನ್ನು ಹುಡುಕುತ್ತ ಎಲ್ಲಿ ಎಂಬ ತರುಣಿಯು ಸಿಯಾಟಲ್ ನಗರಕ್ಕೆ ಹೋಗುತ್ತಾಳೆ. ನಡುವಿನಲ್ಲಿ ಆಟವು ತಟಕ್ಕನೆ ತಿರುಗಿ, ಆಟಗಾರನು ಆಬಿಯಾಗಿಯೇ ಆಡಬೇಕಾಗುತ್ತದೆ. ಆಗ ಅವಳಿಗೂ ಕೊಲೆಯಾದ ತಂದೆಯೊಬ್ಬನಿದ್ದನೆಂದು ತಿಳಿಯುತ್ತದೆ. ಹಗೆಯವನ ಕಣ್ಣಿನಿಂದಲೂ ನೋಡಿಸುವ ಈ ರಚನೆಗೆ ಅನೇಕಾಂತದ ಬಲವಿದೆಯೆಂದು ಒಪ್ಪಲೇಬೇಕು. ಸತ್ತ ಕಾವಲುಗಾರನ ಹೆಸರು ಹಿಡಿದು ಅವನ ಗೆಳೆಯರು ಕೂಗುವಂತೆ ರೂಪಿಸಿದುದೂ ಸಾಮಾನ್ಯ ಸಂಗತಿಯಲ್ಲ.

ಆದರೆ ಆಲಿಸ್ ಎಂಬ ನಾಯಿಯ ಪ್ರಸಂಗವನ್ನು ನೋಡಿ. ಎಲ್ಲಿಯಾಗಿ ಆಡುವಾಗ ಆ ನಾಯಿಯನ್ನು ಕೊಲ್ಲದೆ ಮುಂದಡಿಯಿಡುವಂತಿಲ್ಲ. ಅನಂತರ ಹಿಂದಿನ ದಿನಗಳ ಕಥೆಯಲ್ಲಿ ಆಬಿಯಾಗಿ ಅದೇ ನಾಯಿಯೊಡನೆ ಚೆಂಡಾಡಿಸುತ್ತಾರೆ. ಬೇರೆ ದಾರಿಯನ್ನೇ ಕೊಡದೆ ಕೊಲ್ಲಿಸಿ, ಕೊಂದೆಯಲ್ಲಾ ಎಂದು ನೋಯಿಸುವುದು ನ್ಯಾಯವಲ್ಲ. ಸಂಕಲ್ಪವಿಲ್ಲದಲ್ಲಿ ಪಶ್ಚಾತ್ತಾಪವು ಬೇರೂರದು. ಇದಕ್ಕಿಂತ ದೊಡ್ಡ ಕುಂದೆಂದರೆ, ದ್ವೇಷವನ್ನು ಖಂಡಿಸುವ ಈ ಆಟವು ಹೊಂಚಿ ಕೊಲ್ಲುವ ಕೌಶಲ್ಯವನ್ನು ಗಂಟೆಗಟ್ಟಲೆ ರಸವತ್ತಾಗಿ ಕಲಿಸುವುದು. ಕೊನೆಯಲ್ಲಿ ಎಲ್ಲಿಯು ಆಬಿಯನ್ನು ನೀರಿನಲ್ಲಿ ಅದುಮಿ ಹಿಡಿದವಳು ಕೈ ಬಿಡುತ್ತಾಳೆ. ಆಟದಲ್ಲಿ ಅತ್ಯುತ್ತಮವಾದ ಗಳಿಗೆಯದು. ಆ ಕ್ಷಮೆಯಾದರೂ ಆಟಗಾರನ ಆಯ್ಕೆಗೆ ಬಿಟ್ಟುದಲ್ಲ, ಕಥೆಯೇ ಕೈ ಬಿಡಿಸುತ್ತದೆ. ಕೊಲ್ಲುವಾಗ ಬೆರಳು ಆಟಗಾರನದು, ಕ್ಷಮಿಸುವಾಗ ಗ್ರಂಥಕರ್ತನದು.

ಈ ಎರಡನೆಯ ಆಟಕ್ಕೆ ಯೂರೋಪಿನ ವರ್ಗೀಕರಣವು ೧೮ ವರ್ಷದ ಮಿತಿಯನ್ನು ಹಾಕಿದೆ. ಮನೆಗಳಲ್ಲಿ ಅದನ್ನು ಸಡಿಲಿಸಲು ಕಾರಣವಿಲ್ಲ. ‘ಅಂಡರ್‌ಟೇಲ್’ ಆಡುವ ಹುಡುಗರನ್ನು ತಡೆಯುವುದಕ್ಕಿಂತ ಪಕ್ಕದಲ್ಲಿ ಕುಳಿತು ನೋಡುವುದು ಲೇಸು. ಪಾಠಶಾಲೆಗಳನ್ನು ನಡೆಸುವ ಬಸದಿ ಟ್ರಸ್ಟುಗಳು ದಶಲಕ್ಷಣ ಪರ್ವದ ಉತ್ತಮಕ್ಷಮೆಯ ದಿನ ಟೋರಿಯೆಲ್‌ಳ ಪ್ರಸಂಗವನ್ನು ಮಕ್ಕಳ ಮುಂದಿಟ್ಟು, ಅವಳನ್ನು ಬದುಕಿಸಿದವರು ಯಾರು, ಎಷ್ಟನೆಯ ಸಲ, ಏಕೆ ಎಂದು ಕೇಳಬಹುದು.