ಒಂದು ಕಂಠ, ಒಂದು ಪಿಟೀಲು

ಗುಸ್ತಾವ್ ಹೋಲ್ಸ್ಟ್ (1874–1934) ಎಂದೊಡನೆ ಬಲ್ಲವರು ‘ಗ್ರಹಗಳು’ ಎಂಬ ಅವನ ಭಾರಿ ವಾದ್ಯಮೇಳದ ಕೃತಿಯನ್ನು ನೆನೆಯುತ್ತಾರೆ. ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳನ್ನು ತಾನೇ ಇಂಗ್ಲಿಷಿಗೆ ತಂದು ಸ್ವರ ಕೂಡಿಸಿದವನು, ಸಾವಿತ್ರಿಯ ಕಥೆಯನ್ನು ಗೇಯನಾಟಕ ಮಾಡಿದವನು ಎಂದು ನಮ್ಮವರಿಗೆ ಅವನ ಮೇಲೆ ತುಸು ಅಭಿಮಾನವೂ ಉಂಟು. ಅದಿರಲಿ. 1916–17ರ ಸುಮಾರಿನಲ್ಲಿ ಅವನು ಒಂದು ಕಂಠಕ್ಕೂ ಒಂದು ಪಿಟೀಲಿಗೂ ಬರೆದ ನಾಲ್ಕು ಹಾಡುಗಳಿವೆ. ಎಲ್ಲ ಸೇರಿ ಹತ್ತು ನಿಮಿಷ ಹಿಡಿಯವು. ಈ ಲೇಖಕನ ತಕ್ಕಡಿಯಲ್ಲಿ ಇಡೀ ಗ್ರಹಮಂಡಲಕ್ಕಿಂತ ಇವೇ ತೂಕವಾಗಿ ನಿಲ್ಲುತ್ತವೆ.

ಎಸೆಕ್ಸ್ ಸೀಮೆಯ ಥ್ಯಾಕ್ಸ್ಟೆಡ್ ಎಂಬ ಊರಿನ ಚರ್ಚಿನಲ್ಲಿ ತರುಣಿಯೊಬ್ಬಳು ತಾನೇ ಪಿಟೀಲು ನುಡಿಸುತ್ತ, ತಾನೇ ಹಾಡುತ್ತ ಇದ್ದುದನ್ನು ಕೇಳಿ ಅವನಿಗೆ ಈ ಹಾಡುಗಳು ಹೊಳೆದವಂತೆ. ಸಾಹಿತ್ಯಕ್ಕಾಗಿ ಅವನು ಸಮಕಾಲೀನ ಕವಿಗಳ ಬಳಿಗೆ ಹೋಗಲಿಲ್ಲ. ಇಂಗ್ಲೆಂಡಿನ ಮಧ್ಯಯುಗದ ಭಕ್ತಿಪದ್ಯಗಳನ್ನು ಆರಿಸಿಕೊಂಡ. ಮೇರಿಮಾತೆಯ ಗರ್ಭಕ್ಕೆ ಮಗು ಇಳಿದುದನ್ನು ಏಪ್ರಿಲಿನ ಇಬ್ಬನಿಗೆ ಹೋಲಿಸುವ ಪದ್ಯ ಅವುಗಳಲ್ಲೊಂದು. ಕೊನೆಯ ಪದ್ಯದಲ್ಲಿ ದೇವರೇ ನಲ್ಲ. ಅಕ್ಕನ ವಚನ ಓದಿದವರಿಗೆ ಈ ಭಾವಕ್ಕೆ ಟಿಪ್ಪಣಿ ಬೇಕಿಲ್ಲ.

ನಮ್ಮ ಕಚೇರಿಯಲ್ಲಿ ಪಿಟೀಲು ಹಾಡುಗಾರನ ನೆರಳು; ಹಿಂಬಾಲಿಸುವುದು ಅದರ ಧರ್ಮ. ಇಲ್ಲಿ ಅದು ನೆರಳಲ್ಲ, ಜೊತೆಗಾರ. ಕಂಠ ಒಂದು ದಾರಿ ಹಿಡಿದರೆ ಪಿಟೀಲು ಬೇರೊಂದು ದಾರಿಯಲ್ಲಿ ನಡೆಯುತ್ತದೆ. ಎರಡರ ನಡುವೆ ಉಳಿಯುವ ತೆರಪಿನಲ್ಲೇ ಹಾಡಿನ ಜೀವವಿದೆ. ಪಾಶ್ಚಾತ್ಯ ಗೀತೆಗೆ ಸಾಮಾನ್ಯವಾಗಿ ಹಾಸಿಗೆಯಾಗುವ ಪಿಯಾನೋ ಇಲ್ಲಿಲ್ಲ. ತುಂಬುಮೇಳದ ಆಸರೆ ತಪ್ಪಿದಾಗ ಮಾತು ಬೆತ್ತಲೆಯಾಗಿ ಎದುರು ನಿಲ್ಲಬೇಕಾಗುತ್ತದೆ, ನಿಂತಿದೆ. ಚರ್ಚಿನ ಪುರಾತನ ಮೇಳಗಳ ಛಾಯೆ ರಾಗಕ್ಕಿದೆ. ತಾಳದ ಸಲುವಾಗಿ ಅಕ್ಷರವನ್ನು ಎಳೆದಾಡದೆ, ಮಾತಿನ ಲಯವನ್ನೇ ಹಾಡಿನ ಲಯ ಮಾಡಿದ್ದಾನೆ. ಭಾವಗೀತೆಯ ಸಾಲುಸಾಲಿನ ನಡುವೆ ಕೊಳಲು ತಬಲಗಳ ಮೆರವಣಿಗೆ ಹೊರಡಿಸುವ ನಮ್ಮ ಸ್ವರಸಂಯೋಜಕರು ಇವನ್ನೊಮ್ಮೆ ಕೇಳಬಾರದೇ? ಕವಿಯ ಮಾತು ಕೇಳಿಸದಿದ್ದ ಮೇಲೆ ಕವಿತೆಯನ್ನು ಏಕೆ ಹಾಡಬೇಕು?

ಕೊರತೆ ಇಲ್ಲವೆಂದಲ್ಲ. ಎರಡನೆಯ ಹಾಡು ಕಿವಿ ಹೊಂದಿಕೊಳ್ಳುವಷ್ಟರಲ್ಲಿ ಮುಗಿದುಹೋಗುತ್ತದೆ. ನಾಟಕಶಾಲೆಯ ಕಂಪಿತ ಕಂಠದವರು ಹಾಡಿದರಂತೂ ನಾಲ್ಕೂ ಸತ್ತಂತೆಯೇ. ಇವಕ್ಕೆ ಬೇಕಾದುದು ಜಪ ಮಾಡುವವರ ದನಿ.

ಹೋಲ್ಸ್ಟನ ಆಪ್ತಮಿತ್ರ ವಾನ್ ವಿಲಿಯಮ್ಸ್ 1927ರಲ್ಲಿ ಹೌಸ್ಮನ್ ಕವಿಯ ಪದ್ಯಗಳನ್ನು ಇದೇ ರೀತಿ ಕಂಠ–ಪಿಟೀಲುಗಳಿಗೆ ಹೊಂದಿಸಿದ. ಚೆನ್ನಾಗಿವೆ. ಆದರೆ ಹೌಸ್ಮನ್ನನ ಸಾಲು ಪುಟದ ಮೇಲೆಯೇ ತನ್ನ ಸಂಗೀತವನ್ನು ಮುಗಿಸಿಕೊಂಡ ಸಾಲು. ಪಿಟೀಲಿಗೆ ಅಲ್ಲಿ ಅತಿಥಿಯ ಸಂಕೋಚ. ಹೋಲ್ಸ್ಟನ ಹೆಸರಿಲ್ಲದ ಕವಿಗಳಾದರೋ ಅದಕ್ಕೆ ಮನೆಯೊಳಗೇ ಜಾಗ ಬಿಟ್ಟಿದ್ದಾರೆ.