ಎಷ್ಟು ದಿನದ ಮಿದುಳು?

ಮಿದುಳಿನ ಚಿತ್ರಗಳನ್ನು ಸುಮ್ಮನೆ ಖುಷಿಗೆ ನೋಡುವ ಚಟ ಹತ್ತಿದವರಿಗೆ ಬಣ್ಣದ ಮೋಹ ಬಹಳ ಕಾಲ ಉಳಿಯುವುದಿಲ್ಲ. ಹಸಿರು, ಕೆಂಪು, ನೇರಳೆಯಲ್ಲಿ ಹೊಳೆಯುವ ನರಕೋಶಗಳು ಕ್ಯಾಲೆಂಡರಿಗೆ ಚೆಂದ. ನಾನಂತೂ ಕಪ್ಪು ಬಿಳುಪಿನ ಆಟೊರೇಡಿಯೊಗ್ರಾಮ್‌ಗಳ ಪಕ್ಷ. ಅದರಲ್ಲೂ ಸುಂಡಿಲಿ ಮರಿಗಳ ಮಿದುಳಿನಲ್ಲಿ ಆಕ್ಸಿಟೋಸಿನ್‌ ರಿಸೆಪ್ಟರ್‌ಗಳು ಎಲ್ಲೆಲ್ಲಿವೆ ಎಂದು ತೋರಿಸುವ ಚಿತ್ರಗಳಿಗೆ ಸಾಟಿಯಿಲ್ಲ.

ಆಕ್ಸಿಟೋಸಿನ್‌ ನಮ್ಮವರಿಗೆ ಹೊಸ ಹೆಸರಲ್ಲ. ಹೆರಿಗೆ ವಾರ್ಡಿನ ಡ್ರಿಪ್‌ನಲ್ಲಿ ಇರುವುದು ಅದೇ, ಹಾಲು ಇಳಿಸಲೆಂದು ಹಸುವಿಗೆ ಕದ್ದು ಚುಚ್ಚುವುದೂ ಅದೇ. ಈ ದುರ್ಬಳಕೆ ತಡೆಯುವ ನೆಪದಲ್ಲಿ 2018ರಲ್ಲಿ ಕೇಂದ್ರ ಸರ್ಕಾರ ದೇಶದೊಳಗಿನ ಬಳಕೆಗೆ ಅದನ್ನು ತಯಾರಿಸುವ ಹಕ್ಕನ್ನು ಬೆಂಗಳೂರಿನ ಕರ್ನಾಟಕ ಆ್ಯಂಟಿಬಯೋಟಿಕ್ಸ್‌ ಸಂಸ್ಥೆಗೆ ಮಾತ್ರ ಕೊಡಲು ಹೊರಟಿತ್ತು; ದೆಹಲಿ ಹೈಕೋರ್ಟ್ ಅದೇ ವರ್ಷ ಆ ಆದೇಶವನ್ನು ರದ್ದು ಮಾಡಿತು. ಒಂಬತ್ತೇ ಅಮೈನೊ ಆಮ್ಲಗಳ ಪುಟ್ಟ ಪೆಪ್ಟೈಡ್‌ ಇದು. ಪ್ರಯೋಗಾಲಯದಲ್ಲಿ ಇದನ್ನು ಕಟ್ಟಿ ತೋರಿಸಿದ ವಿನ್ಸೆಂಟ್‌ ಡು ವಿನ್ಯೋ 1955ರ ರಸಾಯನಶಾಸ್ತ್ರದ ನೊಬೆಲ್‌ ಪಡೆದರು. ಮಿದುಳಿನ ಹೈಪೊಥಲಾಮಸ್‌ನಲ್ಲಿ ಹುಟ್ಟುವ ಇದು ರಕ್ತಕ್ಕೂ ಇಳಿಯುತ್ತದೆ, ಮಿದುಳಿನೊಳಗೂ ಹರಡುತ್ತದೆ. ಆದರೆ ರಿಸೆಪ್ಟರ್‌ ಇಲ್ಲದ ಕಡೆ ಅದು ಎಷ್ಟು ಬಂದರೂ ಕೇಳುವವರಿಲ್ಲ. ಹಾಗಾಗಿ ಸ್ವಾರಸ್ಯವೆಲ್ಲ ರಿಸೆಪ್ಟರ್‌ ಎಲ್ಲಿದೆ, ಯಾವಾಗ ಇದೆ ಎಂಬುದರಲ್ಲಿ.

ಚಿತ್ರ ತೆಗೆಯುವ ಬಗೆ ಸರಳ. ಮಿದುಳನ್ನು ಕೂದಲಿಗಿಂತ ತೆಳ್ಳಗೆ ಸೀಳಿ, ವಿಕಿರಣಶೀಲ ಅಯೊಡಿನ್‌-125 ಅಂಟಿಸಿದ, ರಿಸೆಪ್ಟರ್‌ಗೆ ಹೋಗಿ ಕೂರುವ ಅಣುವಿನಲ್ಲಿ ಅದ್ದುತ್ತಾರೆ. ಕೂತದ್ದು ಉಳಿಯುತ್ತದೆ, ಮಿಕ್ಕದ್ದು ತೊಳೆದುಹೋಗುತ್ತದೆ. ಮೇಲೆ ಫಿಲ್ಮ್‌ ಒತ್ತಿಟ್ಟು ದಿನಗಟ್ಟಲೆ ಕಾದರೆ ರಿಸೆಪ್ಟರ್‌ ಇದ್ದಲ್ಲೆಲ್ಲ ಕಪ್ಪು ಮೂಡುತ್ತದೆ. ಒಂದೊಂದು ಕೋಶವೂ ಬಿಡಿಯಾಗಿ ಕಾಣುವುದಿಲ್ಲ. ಕಪ್ಪಿನ ತರತಮದಲ್ಲೇ ಎಲ್ಲವನ್ನೂ ಓದಬೇಕು.

2013ರಲ್ಲಿ ಎಲಿಜಬೆತ್‌ ಹ್ಯಾಮಕ್‌ ಮತ್ತು ಪ್ಯಾಟ್‌ ಲೆವಿಟ್‌ ಸುಂಡಿಲಿಯ ಭ್ರೂಣದಿಂದ ಹಿಡಿದು ಬಲಿತ ವಯಸ್ಸಿನವರೆಗಿನ ಇಂಥ ಚಿತ್ರಗಳ ಸಾಲನ್ನು ಪ್ರಕಟಿಸಿದರು. ಬಲಿತ ಸುಂಡಿಲಿಯ ಮಿದುಳಿನ ಹೊರಪದರ, ಅಂದರೆ ನಿಯೊಕಾರ್ಟೆಕ್ಸ್‌, ಈ ಫಿಲ್ಮ್‌ನಲ್ಲಿ ಹೆಚ್ಚುಕಡಿಮೆ ಪೇಲವ. ಹದಿನಾಲ್ಕನೇ ದಿನದ ಮರಿಯಲ್ಲಿ ಅದೇ ಪದರ ಗಾಢವಾಗಿದೆ. ಏರಿಕೆಯ ತುದಿ ಅದೇ, ಆಮೇಲೆ ಇಳಿಮುಖ. ಹೀಗೆ ಬಂದು ಹೋಗುವ ರಿಸೆಪ್ಟರ್‌ಗಳನ್ನು ದೊಡ್ಡ ಇಲಿಗಳಲ್ಲಿ 1989ರಲ್ಲೇ ಗುರುತಿಸಿದ್ದರು.

ಹದಿನಾಲ್ಕನೇ ದಿನದ ಆಸುಪಾಸಿನಲ್ಲೇ ಸುಂಡಿಲಿ ಮರಿ ಕಣ್ಣು ಬಿಡುವುದು. ಕಿವಿ ತೆರೆದೂ ಹೆಚ್ಚು ದಿನವಾಗಿರುವುದಿಲ್ಲ. ಹೊರಲೋಕ ಒಮ್ಮೆಲೇ ಒಳನುಗ್ಗುವ ಈ ಹೊತ್ತಿಗೇ ಕಾರ್ಟೆಕ್ಸ್‌ ಆಕ್ಸಿಟೋಸಿನ್ನಿಗೆ ಬಾಗಿಲು ತೆರೆದಿರುವುದು ಬರೀ ಕಾಕತಾಳೀಯವೇ? 2014ರಲ್ಲಿ ಶಾಂಘೈನ ಸಂಶೋಧಕರು ಮರಿಗಳ ಮೀಸೆ ತೆಗೆದರು, ಕೆಲವನ್ನು ಕತ್ತಲಲ್ಲಿ ಬೆಳೆಸಿದರು. ಮೀಸೆಯ ಸ್ಪರ್ಶಕ್ಕೆ ಮೀಸಲಾದ ಭಾಗದಲ್ಲಷ್ಟೇ ಅಲ್ಲ, ಉಳಿದ ಇಂದ್ರಿಯಗಳ ಭಾಗಗಳಲ್ಲೂ ನರಸಂಧಿಗಳ ಚಟುವಟಿಕೆ ಕುಗ್ಗಿತು. ಆಕ್ಸಿಟೋಸಿನ್‌ ಉತ್ಪಾದನೆಯೂ ಇಳಿಯಿತು. ಆಕ್ಸಿಟೋಸಿನ್‌ ಕೊಟ್ಟಾಗ ಚಟುವಟಿಕೆ ಚೇತರಿಸಿಕೊಂಡಿತು. ತಾಯ್ತನದ ಹಾರ್ಮೋನ್‌ ಎಂದು ನಾವು ಬದಿಗಿಟ್ಟದ್ದು ಮರಿಯ ನೋಟ, ಸ್ಪರ್ಶಗಳನ್ನು ತಿದ್ದುವ ಕೆಲಸದಲ್ಲೂ ಕೈಹಾಕಿದೆ.

ರಿಸೆಪ್ಟರ್‌ ತೋರಿಸುವ ಯಾವುದೇ ಚಿತ್ರವನ್ನು ಮೆಚ್ಚುವ ಮೊದಲು ನಾನು ಎರಡು ಸಂಗತಿ ನೋಡುತ್ತೇನೆ. ರಿಸೆಪ್ಟರ್‌ ಜೀನನ್ನೇ ತೆಗೆದ ಸುಂಡಿಲಿಯ ಸೀಳನ್ನು ಪಕ್ಕದಲ್ಲಿ ತೋರಿಸಿದ್ದಾರೆಯೇ? ಅದು ಖಾಲಿ ಇರಬೇಕು. ಈ ರಿಸೆಪ್ಟರನ್ನು ಗುರುತಿಸಲೆಂದು ಮಾರುವ ಆ್ಯಂಟಿಬಾಡಿಗಳಲ್ಲಿ ಹಲವು ಈ ಪರೀಕ್ಷೆಯಲ್ಲೇ ಮುಗ್ಗರಿಸುತ್ತವೆ. ಇನ್ನೊಂದು, ಹೊಳೆಯುವ ಕೋಶಗಳ ಚಿತ್ರವಾದರೆ, ಹೊಳಪು ಇಂದಿನದೋ ಹಳೆಯದೋ? ರಿಸೆಪ್ಟರ್‌ ಜೀನ್‌ ಚಾಲೂ ಆದ ಕೋಶ ಹೊಳೆಯುವಂತೆ ರೂಪಿಸಿದ ಕೆಲವು ಸುಂಡಿಲಿ ತಳಿಗಳಲ್ಲಿ ಅದು ಒಮ್ಮೆ ಚಾಲೂ ಆದರೆ ಸಾಕು, ಆ ಕೋಶ ಬದುಕಿರುವಷ್ಟು ಕಾಲ ಹೊಳೆಯುತ್ತದೆ, ಹಾಕಿಸಿಕೊಂಡ ಹಚ್ಚೆಯ ಹಾಗೆ. ಬಂದು ಹೋಗುವ ರಿಸೆಪ್ಟರ್‌ನ ವಿಚಾರದಲ್ಲಿ ಇದು ದೊಡ್ಡ ಮೋಸ. ಬಲಿತ ಮಿದುಳಿನಲ್ಲಿ ಕಾಣುವುದು ಬಾಲ್ಯದ ಗುರುತಾಗಿರಬಹುದು.

ಪೆನ್‌ಸಿಲ್ವೇನಿಯಾದ ಪೆನ್‌ ಸ್ಟೇಟ್‌ ವಿಶ್ವವಿದ್ಯಾಲಯದ ಯಾಂಗ್ಸೂ ಕಿಮ್‌ ತಂಡ 2020ರಲ್ಲಿ ಸುಂಡಿಲಿಯ ಇಡೀ ಮಿದುಳಿನ ಹೊಳೆಯುವ ಕೋಶಗಳನ್ನು ಎಣಿಸಿತು. ಕಾರ್ಟೆಕ್ಸ್‌ನಲ್ಲಿ ತುದಿ ಮುಟ್ಟಿದ್ದು ಇಪ್ಪತ್ತೊಂದನೇ ದಿನ, ಗಂಡು ಹೆಣ್ಣುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲದೆ. ಫಿಲ್ಮ್‌ ಹೇಳಿದ್ದು ಹದಿನಾಲ್ಕು. ಯಾರು ಸರಿ? ಇಬ್ಬರೂ. ಫಿಲ್ಮ್‌ ಅಳೆಯುವುದು ಅಣು ಕೂರುವ ತಾಣಗಳನ್ನು; ಅವು ನರತಂತುವಿನ ದೂರದ ತುದಿಯಲ್ಲೂ ಇರಬಹುದು. ಕಿಮ್‌ ತಂಡ ಎಣಿಸಿದ್ದು ಜೀನ್‌ ಚಾಲೂ ಇರುವ ಕೋಶಗಳ ಒಡಲನ್ನು. ಸರಾಸರಿ ತೆಗೆದು ಹದಿನೇಳೂವರೆ ಎಂದುಕೊಳ್ಳುವವರಿಗೆ ಈ ಹವ್ಯಾಸ ಒಗ್ಗುವುದಿಲ್ಲ.

ವಯಸ್ಸಿನ ಪ್ರಶ್ನೆ ಎಷ್ಟು ದೂರ ಎಳೆಯುತ್ತದೆ ನೋಡಿ. ಜೋಡಿಯಾಗಿ ಬಾಳುವ ಪ್ರೇರಿ ವೋಲ್‌ ಎಂಬ ಇಲಿಯಂಥ ಪ್ರಾಣಿಗಳ ಒಲವಿಗೆ ಈ ರಿಸೆಪ್ಟರ್‌ ಬೇಕೇ ಬೇಕು ಎಂದು ದಶಕಗಳಿಂದ ನಂಬಿದ್ದರು. ಬಲಿತ ವೋಲ್‌ಗಳಿಗೆ ಅದನ್ನು ತಡೆಯುವ ಔಷಧ ಕೊಟ್ಟರೆ ಜೋಡಿ ಕೂಡುತ್ತಿರಲಿಲ್ಲ. 2023ರಲ್ಲಿ ದೇವಾನಂದ್‌ ಮನೋಲಿ, ನಿರಾವ್‌ ಶಾ ತಂಡಗಳು ಜೀನನ್ನೇ ಕತ್ತರಿಸಿದ ವೋಲ್‌ಗಳನ್ನು ಬೆಳೆಸಿದವು. ಅವು ಸಲೀಸಾಗಿ ಜೋಡಿಯಾದವು. ಹುಟ್ಟಿನಿಂದಲೇ ಇಲ್ಲದ್ದನ್ನು ಬೆಳೆಯುವ ಮಿದುಳು ಬೇರೆ ದಾರಿಯಲ್ಲಿ ತುಂಬಿಕೊಂಡಿರಬಹುದು ಎಂಬುದು ಒಂದು ವಿವರಣೆ. ಬೆಳೆದ ಮೇಲೆ ಕಿತ್ತುಕೊಳ್ಳುವುದೂ ಮೊದಲಿನಿಂದಲೇ ಇಲ್ಲದಿರುವುದೂ ಮಿದುಳಿಗೆ ಒಂದೇ ಅಲ್ಲ.

ನೋಡಲು ಮನಸ್ಸಿದ್ದವರು ಕಿಮ್‌ ತಂಡ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಇಟ್ಟಿರುವ ಚಿತ್ರಗಳಿಂದ ಶುರುಮಾಡಿ. 7, 14, 21, 28, 56ನೇ ದಿನಗಳ ಮಿದುಳುಗಳಿವೆ. ಒಂದೇ ಜಾಗವನ್ನು ಹಿಡಿದು ಐದರಲ್ಲೂ ನೋಡಿ. ಐದು ಜಾಗಗಳನ್ನು ಒಂದರಲ್ಲೇ ನೋಡಬೇಡಿ.