ಎರಿ ಹೊಲದಾಗ ಹೈಕಿಂಗ್ ಶೂ

ಮಕ್ಕಳ ಶೂ ವಿಮರ್ಶೆಗಳಲ್ಲಿ ಒಂದು ಮೂಲಭೂತ ತೊಂದರೆ ಇದೆ. ಬರೆಯುವವರು ಅದನ್ನ ಹಾಕಿಕೊಂಡಿರೋದಿಲ್ಲ, ಹಾಕಿಕೊಂಡವರಿಗೆ ಬರೆಯೋಕೆ ಬರೋದಿಲ್ಲ. ಐದು ವರ್ಷದ ನನ್ನ ಮಗಳನ್ನ ‘ಹೆಂಗೈತಿ ಪುಟ್ಟಿ?’ ಅಂತ ಕೇಳಿದರೆ ‘ಸೂಪರ್’ ಅಂತಾಳೆ. ಕಾರಣ, ಹಿಮ್ಮಡಿ ಮೇಲೆ ಕೆಂಪು ನರಿಯ ಚಿತ್ರ ಇದೆ. ಬೆರಳಿಗೆ ಒತ್ತುತ್ತಾ ಅಂದರೆ ‘ಇಲ್ಲ’, ದೊಡ್ಡದಾಯ್ತಾ ಅಂದರೆ ‘ಇಲ್ಲ’, ಐಸ್‌ಕ್ರೀಮ್ ಬೇಕಾ ಅಂದರೆ ಮಾತ್ರ ‘ಹೂಂ’. ಹಾಗಾಗಿ ನಾವು ಓದುವ ಐದು ನಕ್ಷತ್ರದ ವಿಮರ್ಶೆಗಳೆಲ್ಲ ಅಪ್ಪ-ಅಮ್ಮಂದಿರ ಬಗ್ಗೆ ಬರೆದವು. ವಾಟರ್‌ಪ್ರೂಫ್ ಇದೆ, ಗ್ರಿಪ್ ಚೆನ್ನಾಗಿದೆ, ಫೋಟೋದಲ್ಲಿ ಮುದ್ದಾಗಿ ಕಾಣುತ್ತೆ. ಮಗುವಿನ ಪಾದ ಅವುಗಳಲ್ಲಿ ಎಲ್ಲೂ ಬರೋದಿಲ್ಲ.

ಈ ಬರಹದಲ್ಲಿ ಬ್ರ್ಯಾಂಡಿನ ಹೆಸರಿಲ್ಲ. ಯಾಕಂದ್ರೆ ಈ ಬೆಲೆಯಲ್ಲಿ ಸಿಗುವ ಮಕ್ಕಳ ಹೈಕಿಂಗ್ ಶೂಗಳು ಬಹುತೇಕ ಒಂದೇ ಅಚ್ಚಿನವು: ಮುಂದೆ ರಬ್ಬರಿನ ಗಟ್ಟಿ ಮೂತಿ, ಅಡಿಯಲ್ಲಿ ಹಲ್ಲು ಹಲ್ಲಾದ ಸೋಲ್, ನಡುವೆ ಇವಿಎ ಫೋಮ್, ಒಳಗೆ ನೀರು ಬಿಡದ ಪೊರೆ, ಕಣಕಾಲಿನವರೆಗೆ ಏರುವ ಮೆತ್ತನೆ ಕಾಲರ್. ಡಬ್ಬಿಯ ಮೇಲೆ ಪೈನ್ ಮರ, ತೊರೆ, ಹಿಮದ ಬೆಟ್ಟ. ಇಂಥ ಒಂದು ಜೋಡಿಯನ್ನ ನಾನು ಬೆಂಗಳೂರಿನ ಅಂಗಡಿಯಲ್ಲಿ ನೋಡಿ, ಆಮೇಲೆ ನಮ್ಮೂರು ಯಮನೂರಿನಲ್ಲಿ ಬೇಸಿಗೆ ಒಮ್ಮೆ, ಮುಂಗಾರಿಗೆ ಒಮ್ಮೆ ಓಡಾಡಿಸಿ ನೋಡಿದೆ.

ಮೊದಲು ಅಂಗಡಿ. ದೊಡ್ಡ ಅಂಗಡಿಗಳಲ್ಲಿ ಈಗ ಪುಟ್ಟ ಇಳಿಜಾರಿನ ಕಟ್ಟೆ ಇಟ್ಟಿರ್ತಾರೆ. ಅದು ಶೋಕಿ ಅಲ್ಲ, ನಿಜಕ್ಕೂ ಉಪಯೋಗದ್ದು. ಹತ್ತುವಾಗ ಏನೂ ಗೊತ್ತಾಗಲ್ಲ, ಇಳಿಯುವಾಗ ಬೆರಳು ಮುಂದಕ್ಕೆ ಜಾರಿ ಮೂತಿಗೆ ಬಡಿಯುತ್ತಾ ನೋಡಬೇಕು. ಮಗುವಿನ ಬಾಯಿಂದ ಇದು ಬರೋದಿಲ್ಲ, ಆದ್ದರಿಂದ ಒಳಗಿನ ಇನ್‌ಸೋಲ್ ಹೊರಗೆ ತೆಗೆದು ಅದರ ಮೇಲೆ ಬರಿಗಾಲಲ್ಲಿ ನಿಲ್ಲಿಸಿ. ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಉಳಿಯಬೇಕು, ಪಕ್ಕಕ್ಕೆ ಪಾದ ಹೊರಚೆಲ್ಲಬಾರದು. ಶೂವನ್ನ ಎರಡೂ ಕೈಯಲ್ಲಿ ಹಿಡಿದು ಮಡಚಿ. ಬೆರಳಿನ ಬುಡದಲ್ಲಿ ಬಗ್ಗಬೇಕು, ನಟ್ಟನಡುವೆ ಬಗ್ಗಬಾರದು. ಸಂಜೆ ಹೋಗಿ, ಯಾಕಂದ್ರೆ ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತೆ. ‘ಮುಂದಿನ ವರ್ಷಕ್ಕೂ ಆಗಲಿ’ ಅಂತ ಎರಡು ಸೈಜ್ ದೊಡ್ಡದು ತಗೊಂಡರೆ ಮಗು ಎಡವೋದು ಈ ವರ್ಷವೇ.

ಈ ಜೋಡಿ ಅಂಗಡಿಯಲ್ಲಿ ಉದ್ದದ ಲೆಕ್ಕದಲ್ಲಿ ಪಾಸಾಯ್ತು, ಮಡಚುವ ಲೆಕ್ಕದಲ್ಲಿ ಅರ್ಧ ಪಾಸು. ದೊಡ್ಡವರ ಶೂವನ್ನ ಕುಗ್ಗಿಸಿದ ಹಾಗಿದೆ. ಸುಮಾರು ಹದಿನೆಂಟು ಕಿಲೋ ತೂಗುವ ಹುಡುಗಿಗೆ ಎಪ್ಪತ್ತು ಕಿಲೋದವರ ಗಟ್ಟಿತನ ಯಾತಕ್ಕೆ?

ಇನ್ನು ಯಮನೂರು. ನವಲಗುಂದ ತಾಲೂಕು, ಬೆಣ್ಣಿಹಳ್ಳದ ಸೀಮೆ, ಸುತ್ತ ಕಣ್ಣು ಹಾಯುವವರೆಗೂ ಎರಿ ಹೊಲ. ‘ಅಲ್ಲಿ ಬೆಟ್ಟವೇ ಇಲ್ಲ, ಹೈಕಿಂಗ್ ಎಲ್ಲಿ?’ ಅಂತ ಗೆಳೆಯರು ನಕ್ಕರು. ಆದರೆ ಐದು ವರ್ಷದ ಮಗುವಿಗೆ ಹೈಕಿಂಗ್ ಅಂದ್ರೆ ಶಿಖರ ಅಲ್ಲ, ಟಾರು-ಟೈಲ್ಸ್ ಇಲ್ಲದ ನೆಲದ ಮೇಲೆ ಎರಡು ತಾಸು ನಡೆಯೋದು. ಆ ಲೆಕ್ಕದಲ್ಲಿ ಮನೆಯಿಂದ ಹೊಲಕ್ಕೆ, ಹೊಲದಿಂದ ಹಳ್ಳಕ್ಕೆ, ಹಳ್ಳದಿಂದ ಮನೆಗೆ ಒಳ್ಳೆಯ ಹೈಕಿಂಗೇ.

ಬೇಸಿಗೆಯಲ್ಲಿ ಶೂಗೆ ಒಳ್ಳೆಯ ಅಂಕ. ಒಣಗಿದ ಎರಿ ನೆಲ ಬಿರಿದು, ಬಿರುಕಿನೊಳಗೆ ನನ್ನ ಅಂಗೈ ಇಳಿಯುತ್ತೆ. ಹೆಂಟೆಗಳು ಕಲ್ಲಿನಂತೆ ಇರ್ತಾವೆ, ಮೊಂಡು ಜೋಳದ ಕೂಳೆ, ಕಿತ್ತು ಬಿದ್ದ ಹತ್ತಿಕಡ್ಡಿ, ಬದುವಿನ ಜಾಲಿ ಮುಳ್ಳು. ಗಟ್ಟಿ ಮೂತಿ ಇಲ್ಲಿ ಸಾರ್ಥಕ. ಎರಡು ಕಡೆ ಎಡವಿದಳು, ಬೆರಳಿಗೆ ಏನೂ ಆಗಲಿಲ್ಲ. ನೆಗ್ಗಿಲ ಮುಳ್ಳು ಸೋಲಿಗೆ ಚುಚ್ಚಿಕೊಂಡು ಅಲ್ಲೇ ನಿಂತಿತು. ಒಳಗೆ ಮಾತ್ರ ಬೇರೆ ಕಥೆ. ನೀರು ಬಿಡದ ಪೊರೆ ಬೆವರನ್ನೂ ಸರಾಗವಾಗಿ ಬಿಡೋದಿಲ್ಲ. ಅರ್ಧ ತಾಸಿನಲ್ಲಿ ಕಾಲುಚೀಲ ಹಿಂಡುವಷ್ಟು ಒದ್ದೆ. ಹೊರಗಿನ ನೀರು ಒಂದು ಹನಿಯೂ ಇಲ್ಲದ ದಿನ, ವಾಟರ್‌ಪ್ರೂಫ್ ಶೂನಲ್ಲಿ ಮಗುವಿನ ಕಾಲು ತೊಯ್ದಿತ್ತು.

ಮುಂಗಾರಿನಲ್ಲಿ ಶೂ ಸೋತಿತು. ಎರಿ ಮಣ್ಣಿನ ಜೇಡಿಯ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯ ಬಿರುಕಿಗೂ ಮಳೆಗಾಲದ ಅಂಟಿಗೂ ಕಾರಣ ಅದೇ ಗುಣ. ಸೋಲಿನ ಹಲ್ಲುಗಳು ಕಲ್ಲನ್ನ ಹಿಡಿಯೋದಕ್ಕೆ ಮಾಡಿದವು, ಹತ್ತಿರ ಹತ್ತಿರ ಇವೆ. ಸಂದಿಗೆ ಹೋದ ಎರಿ ಮಣ್ಣು ಮತ್ತೆ ಬೀಳಲಿಲ್ಲ. ಹತ್ತು ಹೆಜ್ಜೆಗೆ ಸೋಲ್ ಸಪಾಟು, ಮೂವತ್ತು ಹೆಜ್ಜೆಗೆ ಶೂ ಸುತ್ತ ರೊಟ್ಟಿಯಗಲದ ಮಣ್ಣು. ‘ಅಪ್ಪಾ, ಶೂ ಭೂಮಿಗೆ ಅಂಟ್ಕೊಂಡೈತಿ’ ಅಂದಳು. ಮುಂದಿನ ಹೆಜ್ಜೆಗೆ ಕಾಲು ಬಂತು, ಶೂ ಬರಲಿಲ್ಲ. ನಮ್ಮ ಕಾಕಾ ಬದುವಿನ ಮ್ಯಾಲೆ ಕೂತು ನೋಡ್ತಿದ್ದರು. ‘ಎರಿ ಅಂದ್ರ ಹಂಗ ತಮ್ಮಾ. ಒಣಗಿದ್ರ ಕಲ್ಲು, ತೊಯ್ದ್ರ ಬೆಲ್ಲದ ಪಾಕ. ತೊಯ್ದ ಹೊಲಕ್ಕ ಯಾರಾದ್ರೂ ಬೂಟು ಹಾಕ್ಕೊಂಡು ಬರ್ತಾರೇನು?’ ಅಂದು ಅವರು ಮೊಮ್ಮಗಳನ್ನ ಹೆಗಲ ಮೇಲೆ ಕೂರಿಸಿಕೊಂಡರು. ಶೂ ನನ್ನ ಕೈಗೆ ಬಂದವು. ಕೈಯಲ್ಲಿ ತೂಗಿ ನೋಡಿದರೆ ಅಂಗಡಿಯಲ್ಲಿ ಇದ್ದ ತೂಕದ ಎರಡರಷ್ಟಾದರೂ ಇತ್ತು.

ಇದು ಶೂ ತಪ್ಪಲ್ಲ ಅನ್ನಬಹುದು, ಅದನ್ನ ಮಾಡಿದ್ದು ಬೇರೆ ನೆಲಕ್ಕೆ. ಒಪ್ಪಿದೆ. ಸಾವನದುರ್ಗದ ಬೋಳು ಬಂಡೆಯ ಮೇಲೆ ಇದೇ ಸೋಲ್ ಚೆನ್ನಾಗಿ ಹಿಡಿಯಬಹುದು. ಆದರೆ ಡಬ್ಬಿಯ ಮೇಲೆ ‘ಎಲ್ಲ ನೆಲಕ್ಕೂ’ ಅಂತ ಬರೆದಿದೆ. ಉತ್ತರ ಕರ್ನಾಟಕದ ಅರ್ಧ ಜನ ದಿನಾ ತುಳಿಯುವ ನೆಲ ಆ ‘ಎಲ್ಲ’ದೊಳಗೆ ಬರೋದಿಲ್ಲವೇ?

ಯಾವ ವಿಮರ್ಶೆಯಲ್ಲೂ ನಾನು ಓದದ ಇನ್ನೊಂದು ಪರೀಕ್ಷೆ ಇದೆ: ದಿನಕ್ಕೆ ಎಷ್ಟು ಸಲ ಬಿಚ್ಚಬೇಕು? ಈ ಶೂಗಳ ಹಿಂದಿನ ಕಲ್ಪನೆಯಲ್ಲಿ ಬೆಳಿಗ್ಗೆ ಕಟ್ಟಿಕೊಂಡರೆ ಸಂಜೆ ಬಿಚ್ಚೋದು. ನಮ್ಮಲ್ಲಿ ಹಾಗೆ ನಡೆಯಲ್ಲ. ಅಜ್ಜಿ ಮನೆಯ ಹೊಸ್ತಿಲಲ್ಲಿ ಬಿಚ್ಚಬೇಕು. ರಾಜಾಬಾಗಸವಾರನ ದರ್ಗಾದ ಬಾಗಿಲಲ್ಲಿ ಬಿಚ್ಚಬೇಕು. ಹಿಂದೂಗಳು ಚಾಂಗದೇವ ಅಂತ ಕರೆಯುವುದೂ ಅವನನ್ನೇ, ಯಾವ ಹೆಸರಿಂದ ಒಳಗೆ ಹೋದರೂ ಚಪ್ಪಲಿ ಹೊರಗೇ. ಕಣದಲ್ಲಿ ರಾಶಿ ಇದ್ದರೆ ಅಲ್ಲೂ ಬಿಚ್ಚಬೇಕು, ರಾಶಿಯನ್ನ ಮೆಟ್ಟಿದ ಕಾಲಲ್ಲಿ ಮುಟ್ಟುವಂತಿಲ್ಲ. ಒಂದು ಮುಂಜಾನೆಯಲ್ಲಿ ಆರು ಸಲ ಬಿಚ್ಚಿ ಆರು ಸಲ ಕಟ್ಟಿದೆ. ಲೇಸ್ ಕಟ್ಟಲು ಬಾರದ ಮಗುವಿಗೆ ಲೇಸಿನ ಶೂ ಅಂದರೆ ಅಪ್ಪನಿಗೆ ಕೊಟ್ಟ ಕೆಲಸ. ಎರಡು ವೆಲ್ಕ್ರೋ ಪಟ್ಟಿ ಇದ್ದಿದ್ದರೆ ಅವಳೇ ಮಾಡಿಕೊಳ್ತಿದ್ದಳು. ತನ್ನ ಶೂ ತಾನೇ ಬಿಚ್ಚುವ ಮಗು, ಒತ್ತಿದಾಗಲೂ ತಾನೇ ಬಿಚ್ಚುತ್ತೆ. ಬಾಯಲ್ಲಿ ಹೇಳದೇ ಇರೋದನ್ನ ಕೈಯಲ್ಲಿ ಹೇಳುತ್ತೆ.

ಹಾಗಾದರೆ ಶೂನೇ ಬೇಡವಾ? ಈ ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ಕೆಲಸ ಆಗಿದೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವೈದ್ಯರಾದ ಉದಯಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ ನಾಲ್ಕರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತು ತೆಗೆದು, 1992ರಲ್ಲಿ ಬ್ರಿಟನ್ನಿನ ಮೂಳೆ ಶಸ್ತ್ರಚಿಕಿತ್ಸೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುತ್ತಿದ್ದ ಮಕ್ಕಳಲ್ಲಿ ಚಪ್ಪಟೆ ಪಾದ ಶೇ 8.6, ಹಾಕದವರಲ್ಲಿ ಶೇ 2.8. ಬೆರಳು ಮುಚ್ಚುವ ಶೂ ಹಾಕಿದವರಲ್ಲಿ ಅತಿ ಹೆಚ್ಚು, ಸ್ಯಾಂಡಲ್-ಸ್ಲಿಪ್ಪರ್‌ನವರಲ್ಲಿ ಕಡಿಮೆ, ಬರಿಗಾಲಿನವರಲ್ಲಿ ಎಲ್ಲಕ್ಕಿಂತ ಕಡಿಮೆ. ಚಿಕ್ಕಂದಿನಲ್ಲಿ ಶೂ ಹಾಕುವುದು ಪಾದದ ಕಮಾನು ಸರಿಯಾಗಿ ಬೆಳೆಯಲು ಅಡ್ಡಿ ಆಗಬಹುದು ಅನ್ನೋದು ಅವರ ತೀರ್ಮಾನ. ಗಟ್ಟಿ ಶೂ ‘ಕಾಲಿಗೆ ಸಪೋರ್ಟ್’ ಕೊಡುತ್ತೆ ಅಂತ ಹೇಳುವ ಜಾಹೀರಾತಿನ ಪಕ್ಕ ಈ ಅಂಕಿಗಳನ್ನ ಇಟ್ಟು ನೋಡಬೇಕು.

ಆದರೆ ಇದನ್ನೇ ಹಿಡಿದು ನಗರದಲ್ಲಿ ಈಗ ಶುರುವಾಗಿರೋ ಬರಿಗಾಲಿನ ಭಜನೆಗೂ ನಾನು ತಾಳ ಹಾಕಲ್ಲ. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನ ಬರಿಗಾಲಲ್ಲಿ ಗೆದ್ದ ಅಂತ ಎಲ್ಲರೂ ಹೇಳ್ತಾರೆ. 1964ರಲ್ಲಿ ಟೋಕಿಯೋದಲ್ಲಿ ಅದೇ ಬಿಕಿಲಾ ಶೂ ಹಾಕಿಕೊಂಡು ಮತ್ತೆ ಗೆದ್ದ, ಅದನ್ನ ಹೇಳೋರು ಕಡಿಮೆ. ನಮ್ಮ ಹೊಲಗಳಲ್ಲಿ ಬರಿಗಾಲು ಅಂದರೆ ಮುಳ್ಳು, ಚೇಳು, ಹಾವು. ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಕರ್ನಾಟಕ ಸರ್ಕಾರ 2024ರಲ್ಲಿ ಆದೇಶಿಸಿದ್ದು ಸುಮ್ಮನೆ ಅಲ್ಲ. ಇನ್ನೊಂದು ಮಾತು: ಮೇಲ್ಜಾತಿಯವರ ಓಣಿಯಲ್ಲಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದ ಜನ ಈ ನಾಡಿನಲ್ಲಿದ್ದರು. ಆ ಚಪ್ಪಲಿ ಹೊಲಿದವರೂ ಅವರೇ. ಅವರಿಗೆ ಬರಿಗಾಲು ಆರೋಗ್ಯದ ಆಯ್ಕೆ ಆಗಿರಲಿಲ್ಲ, ಅಪ್ಪಣೆ ಆಗಿತ್ತು. ಶೂ ಹಾಕಿಕೊಳ್ಳುವ ಹಕ್ಕು ಹುಟ್ಟಿನಿಂದಲೇ ಇದ್ದವರು ‘ಮಣ್ಣಿನ ಸ್ಪರ್ಶ’ದ ಬಗ್ಗೆ ಪ್ರವಚನ ಕೊಡುವಾಗ ಇಷ್ಟು ನೆನಪಿರಲಿ.

ಹೊಲಕ್ಕೆ ಬರುವ ಹೆಂಗಸರನ್ನ ನೋಡಿದರೆ ದಾರಿ ಕಾಣುತ್ತೆ. ಒಣ ಹಾದಿಗೆ ಚಪ್ಪಲಿ, ತೊಯ್ದ ಹೊಲಕ್ಕೆ ಇಳಿಯುವಾಗ ಚಪ್ಪಲಿ ಬದುವಿನ ಮೇಲೆ, ಮುಳ್ಳಿನ ಕಡೆ ಹೋಗುವಾಗ ಮತ್ತೆ ಕಾಲಿಗೆ. ಅವರಿಗೆ ಪಾದರಕ್ಷೆ ಅಂದ್ರೆ ಕುಡುಗೋಲಿನಂಥ ಒಂದು ಸಾಮಾನು, ಕೆಲಸ ಇದ್ದಾಗ ಕೈಗೆ, ಮುಗಿದಾಗ ಗೂಟಕ್ಕೆ. ಮಕ್ಕಳ ಹೈಕಿಂಗ್ ಶೂವನ್ನೂ ಹಾಗೇ ಬಳಸಬೇಕು ಅನ್ನೋದು ನನ್ನ ವಾದ. ಮಾಲ್‌ಗೆ, ಬರ್ತ್‌ಡೇ ಪಾರ್ಟಿಗೆ, ವಿಮಾನಕ್ಕೆ ಇದನ್ನೇ ಹಾಕಿಸಿ ಕಳಿಸೋದು ಮಗುವಿನ ಪಾದಕ್ಕೆ ಮಾಡುವ ಉಪಕಾರ ಅಲ್ಲ.

ಹಾಗಾಗಿ ತೀರ್ಪು ಹೀಗೆ. ಒಣ ಹೊಲಕ್ಕೆ, ಕಲ್ಲು ದಾರಿಗೆ: ತಗೊಳ್ಳಿ. ತೊಯ್ದ ಎರಿ ನೆಲಕ್ಕೆ: ಮನೇಲೇ ಬಿಡಿ. ದಿನಬಳಕೆಗೆ: ಬೇಡವೇ ಬೇಡ. ತಗೊಳ್ಳೋದಾದರೆ ಹಗುರ ಇರೋದು, ಬೆರಳಿನ ಕಡೆ ಅಗಲ ಇರೋದು, ಕೈಯಲ್ಲಿ ಸುಲಭವಾಗಿ ಬಗ್ಗೋದು, ವೆಲ್ಕ್ರೋ ಇರೋದು, ಗಾಳಿ ಆಡುವ ಜಾಲರಿ ಬಟ್ಟೆಯದು ನೋಡಿ. ವಾಟರ್‌ಪ್ರೂಫಿಗೆ ಕೊಡುವ ಹೆಚ್ಚಿನ ದುಡ್ಡಲ್ಲಿ ಎರಡು ಜೊತೆ ಕಾಲುಚೀಲ ಕೊಳ್ಳಿ. ಮೂರು ತಿಂಗಳಿಗೊಮ್ಮೆ ಇನ್‌ಸೋಲ್ ತೆಗೆದು ಅಳತೆ ನೋಡಿ, ಬೆರಳು ಅಂಚಿಗೆ ಬಂದಿದ್ದರೆ ಶೂ ಎಷ್ಟೇ ಹೊಸದಾಗಿದ್ದರೂ ಬದಲಿಸಿ. ಅಣ್ಣನ ಹಳೇ ಶೂ ತಮ್ಮನಿಗೆ ದಾಟಿಸುವ ಮುಂಚೆ ಒಳಗೆ ಕೈ ಹಾಕಿ, ಅಣ್ಣನ ಪಾದದ ಗುಳಿ ಮೂಡಿದ್ದರೆ ದಾಟಿಸಬೇಡಿ.

ನಕ್ಷತ್ರ ಕೊಡಲೇಬೇಕು ಅಂದರೆ ಐದಕ್ಕೆ ಎರಡೂವರೆ. ಆ ಅರ್ಧ ನರಿಯ ಚಿತ್ರಕ್ಕೆ, ಅದು ನನ್ನ ಮಗಳು ಕೊಟ್ಟಿದ್ದು.